ಸ್ಕ್ಯಾಫೋಲ್ಡ್ ಪ್ರೋಟೀನ್ ತಾನಾಗಿ ಏನೂ ಮಾಡಲ್ಲ ಅಂತಾರೆ, ಹಾಗಾದ್ರೆ ಗಡ್ಡೆ ತಡೆಯೋ ಪ್ರೋಟೀನ್‌ಗಳು ಅದರ ಹಿಡಿತದಲ್ಲಿ ಇರೋದು ಹೇಗೆ?

ದಾವಣಗೆರೆಯಲ್ಲಿ ಡಿಗ್ರಿ ಮಕ್ಕಳಿಗೆ ಪಾಠ ಮಾಡ್ತೀನಿ, ಪ್ರತಿ ವರ್ಷ ಯಾರಾದರೂ ಇದನ್ನೇ ಕೇಳುತ್ತಾರೆ. ತೊಡಕು ಇರುವುದು ಹೆಸರಿನಲ್ಲೇ. ಸ್ಕ್ಯಾಫೋಲ್ಡ್ ಅಂದ ತಕ್ಷಣ ಗೋಡೆಗೆ ಕಟ್ಟುವ ಸಾರ್ವೆ ನೆನಪಾಗುತ್ತದೆ, ಕೆಲಸ ಮುಗಿದರೆ ಬಿಚ್ಚಿ ಹಾಕುವಂಥದ್ದು. ಅದನ್ನು ಮರೆತುಬಿಡಿ.

ನಮ್ಮೂರ ಮಂಡಕ್ಕಿ ಅಂಗಡಿ ನೋಡಿ. ಮಂಡಕ್ಕಿ, ಈರುಳ್ಳಿ, ಖಾರ, ಎಣ್ಣೆ ಎಲ್ಲವೂ ಕೂತವರ ಕೈಗೆ ಸಿಗುವ ಹಾಗೆ ಒಂದೇ ಕಟ್ಟೆ ಮೇಲೆ ಇರುತ್ತವೆ. ಕಟ್ಟೆ ಏನನ್ನೂ ಕಲಸುವುದಿಲ್ಲ. ಆದರೆ ಅದಿಲ್ಲದೆ ಒಂದು ಪ್ಲೇಟೂ ಹೊರಗೆ ಬರಲ್ಲ, ಅಲ್ವಾ? ಸ್ಕ್ಯಾಫೋಲ್ಡ್ ಪ್ರೋಟೀನ್ ಅಂಥ ಕಟ್ಟೆ, ಬೇರೆ ಪ್ರೋಟೀನ್‌ಗಳನ್ನು ಸರಿಯಾದ ಜಾಗದಲ್ಲಿ ಒಟ್ಟಿಗೆ ಹಿಡಿದಿಡುವಂಥದ್ದು.

ಈಗ ಪಿಟೆನ್ ತಗೊಳ್ಳಿ. 1997ರಲ್ಲಿ ಪತ್ತೆಯಾದ, 403 ಅಮೈನೋ ಆಮ್ಲಗಳ, ಗಡ್ಡೆ ತಡೆಯೋ ಪ್ರೋಟೀನ್. ಜೀವಕೋಶದ ಪೊರೆಯ ಒಳಮೈಯಲ್ಲಿ ಪಿಐಪಿ3 ಅನ್ನೋ ಕೊಬ್ಬಿನ ಕಣ ಹೆಚ್ಚಾದರೆ 'ಬೆಳಿ' ಅನ್ನುವ ಸೂಚನೆ ಹೋಗುತ್ತದೆ. ಪಿಟೆನ್ ಅದರಿಂದ ಒಂದು ಫಾಸ್ಫೇಟ್ ಕಿತ್ತು ಪಿಐಪಿ2 ಮಾಡಿ ಸೂಚನೆ ಅಳಿಸುತ್ತದೆ. ಅಂದರೆ ಅದರ ಕೆಲಸವೆಲ್ಲ ಪೊರೆಯ ಹತ್ತಿರ. ಕೋಶದ ನಡುವೆ ಸುಮ್ನೆ ತೇಲುತ್ತಿದ್ದರೆ ಪ್ರಯೋಜನವಿಲ್ಲ. ಅದನ್ನು ಪೊರೆಗೆ ತಂದು ನಿಲ್ಲಿಸುವ ಸ್ಕ್ಯಾಫೋಲ್ಡ್‌ಗಳಲ್ಲಿ ಎನ್‌ಎಚ್‌ಇಆರ್‌ಎಫ್1 ಒಂದು. ಪಿಟೆನ್‌ನ ಬಾಲದ ತುದಿ ಇದರ ಪಿಡಿಝಡ್ ಅನ್ನೋ ತೋಡಿನಲ್ಲಿ ಕೂರುತ್ತದೆ. ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಗಡ್ಡೆಗಳಲ್ಲಿ ಎನ್‌ಎಚ್‌ಇಆರ್‌ಎಫ್1 ಪೊರೆ ಬಿಟ್ಟು ಹೋಗಿರುವುದನ್ನು ಕಂಡಿದ್ದಾರೆ. ಆಗ ಪಿಟೆನ್ ಇದ್ದೂ ಇಲ್ಲದ ಹಾಗೆ.

ಇದನ್ನು ಬೋರ್ಡ್ ಮೇಲೆ ಬರೆಯುವಾಗ ಒಬ್ಬ ಹುಡುಗ ಕೇಳಿದ: "ಸರ್, ಕಟ್ಟೆ ಜಾಸ್ತಿ ಆದ್ರೆ ಕೆಲಸಾನೂ ಜಾಸ್ತಿ ಆಗುತ್ತಾ?" ಇಲ್ಲ, ಕೆಡುತ್ತದೆ! ಸಾಮಾನು ಒಂದೇ ಸೆಟ್ ಇದ್ದು ಕಟ್ಟೆ ಹತ್ತಿದ್ದರೆ, ಒಂದರ ಮೇಲೆ ಮಂಡಕ್ಕಿ, ಇನ್ನೊಂದರ ಮೇಲೆ ಈರುಳ್ಳಿ. ಯಾವುದರ ಮೇಲೂ ಪೂರ್ತಿ ಪ್ಲೇಟ್ ಆಗಲ್ಲ. ಸ್ಕ್ಯಾಫೋಲ್ಡ್ ಅಳತೆ ಮೀರಿದರೆ ಸೂಚನೆ ಕುಗ್ಗುವುದು ಇದಕ್ಕೇ. ಪುಸ್ತಕಗಳಲ್ಲಿ ಇದನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಡುತ್ತಾರೆ, ನನಗೆ ಬೇಜಾರು.

ಚಲನೆಗೂ ಇದೇ ಜಾಗದ ಲೆಕ್ಕ. ಡಿಕ್ಟಿಯೋಸ್ಟೀಲಿಯಂ ಅನ್ನೋ ಮಣ್ಣಿನ ಅಮೀಬಾ ಸಾಗುವಾಗ ಪಿಐಪಿ3 ಮುಂದೆ ಸೇರುತ್ತದೆ, ಪಿಟೆನ್ ಹಿಂದೆ ಮತ್ತು ಪಕ್ಕದಲ್ಲಿ. ಪಿಟೆನ್ ತೆಗೆದರೆ ಅದು ಸಿಕ್ಕ ಸಿಕ್ಕ ಕಡೆಯೆಲ್ಲ ಕಾಲು ಚಾಚಿ ದಾರಿ ತಪ್ಪುತ್ತದೆ.

ಕೆಲವು ಸ್ಕ್ಯಾಫೋಲ್ಡ್‌ಗಳು ತಾವೇ ಗಡ್ಡೆ ತಡೆಯುವವು. ಸ್ಕ್ರಿಬಲ್, ಡಿಎಲ್‌ಜಿ ಅಂಥವು. ಕೋಶಕ್ಕೆ ಮೇಲ್ಯಾವುದು, ಕೆಳಗ್ಯಾವುದು ಅನ್ನುವುದನ್ನು ಅವು ಕಾಯುತ್ತವೆ. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್‌ನ 16 ಮತ್ತು 18ನೇ ಬಗೆಗಳ ಇ6 ಪ್ರೋಟೀನ್ ಇವುಗಳ ಪಿಡಿಝಡ್ ತೋಡಿಗೇ ಬಾಲ ಸಿಕ್ಕಿಸಿ ಇವನ್ನು ಚೂರು ಮಾಡಿಸುತ್ತದೆ. ನರುಲಿ ತರುವ 6 ಮತ್ತು 11ರ ಇ6ಗೆ ಆ ಬಾಲವೇ ಇಲ್ಲ.