ಭದ್ರಾಗೆ ಹೊರಡುವ ವಾರ ಫುಲ್ ಫ್ರೇಮ್ ಬೇಡ

"ಕ್ಯಾನನ್ 1500ಡಿ ಕ್ಯಾಮೆರಾ ಮಾರಿ ಆರ್8 ಕೊಳ್ಳುತ್ತಿದ್ದೇನೆ, ಈಗಿರುವ 55-250 ಲೆನ್ಸನ್ನೇ ಅಡಾಪ್ಟರ್ ಹಾಕಿ ಬಳಸುತ್ತೇನೆ, ಮುಂದಿನ ಶನಿವಾರ ಭದ್ರಾ ಜಲಾಶಯದಲ್ಲಿ ರಿವರ್ ಟರ್ನ್ ಹಕ್ಕಿಯ ಫೋಟೋ ತೆಗೆಯಬೇಕು, ಸರಿ ತಾನೇ?" ಎಂದು ಕೇಳಿದ್ದೀರಿ. ಸರಿಯಲ್ಲ. ಮುಂಗಡ ಕೊಟ್ಟಿಲ್ಲವಾದರೆ ಇವತ್ತೇ ನಿಲ್ಲಿಸಿ. ಈ ಗುಂಪಿನಲ್ಲಿ ಆಗಲೇ ಏಳೆಂಟು ಜನ ಅಭಿನಂದನೆ ಹೇಳಿದ್ದಾರೆ. ನಿಮ್ಮ ಲೆನ್ಸ್ ಯಾವುದೆಂದು ಒಬ್ಬರೂ ಗಮನಿಸಿಲ್ಲ.

ನಿಮ್ಮ 1500ಡಿ ಚಿಕ್ಕ ಸೆನ್ಸರ್‌ನ (ಎಪಿಎಸ್-ಸಿ) ಕ್ಯಾಮೆರಾ, ಆರ್8 ದೊಡ್ಡ ಸೆನ್ಸರ್‌ನದು, ಅಂದರೆ ಫುಲ್ ಫ್ರೇಮ್. ನಿಮ್ಮ 55-250 ಇಎಫ್-ಎಸ್, ಅಂದರೆ ಚಿಕ್ಕ ಸೆನ್ಸರ್‌ಗೆಂದೇ ಮಾಡಿದ ಲೆನ್ಸ್. ಅದನ್ನು ಕಂಡ ಕೂಡಲೇ ಆರ್8 ತಾನಾಗಿಯೇ 1.6 ಕ್ರಾಪ್‌ಗೆ ಇಳಿಯುತ್ತದೆ, ಅಂದರೆ ಸೆನ್ಸರ್‌ನ ನಡುವಿನ ಭಾಗವನ್ನಷ್ಟೇ ಬಳಸುತ್ತದೆ. 24 ಮೆಗಾಪಿಕ್ಸೆಲ್‌ನಲ್ಲಿ ನಿಮಗೆ ಉಳಿಯುವುದು 9 ಚಿಲ್ಲರೆ. ಹಕ್ಕಿ ಈಗಿನಷ್ಟೇ ದೂರದಲ್ಲಿರುತ್ತದೆ, ಅದರ ಮೇಲೆ ಬೀಳುವ ಪಿಕ್ಸೆಲ್ ಮಾತ್ರ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆರ್8 ಕೆಟ್ಟ ಕ್ಯಾಮೆರಾ ಅಲ್ಲ. ಮದುವೆ ಮನೆಗೆ, ರಾತ್ರಿಯ ಆಕಾಶಕ್ಕೆ ನಾನೇ ಅದನ್ನು ಹೇಳುತ್ತೇನೆ. 250 ಎಂಎಂ ಲೆನ್ಸ್ ಇಟ್ಟುಕೊಂಡು ಹಕ್ಕಿ ತೆಗೆಯುವವರಿಗೆ ಅಲ್ಲ.

2016ರ ಮಾರ್ಚ್‌ನಲ್ಲಿ ನಾನು ಇದನ್ನೇ ಮಾಡಿದೆ. ಕೈಯಲ್ಲಿ 700ಡಿ ಇತ್ತು, ಲೆನ್ಸ್ ನಿಮ್ಮದೇ. ಭದ್ರಾಗೆ ಎರಡು ದಿನ ಇರುವಾಗ 700ಡಿ ಕೊಟ್ಟು, ಮೇಲೆ ದುಡ್ಡು ಸೇರಿಸಿ 6ಡಿ ತಂದೆ. ಮನೆಗೆ ಬಂದು ಲೆನ್ಸ್ ಹಾಕಲು ಹೋದರೆ ಕೂರುತ್ತಲೇ ಇಲ್ಲ. ಕೂರಿಸುವ ಗುರುತಾಗಿ ಲೆನ್ಸ್ ಮೇಲಿರುವುದು ಬಿಳಿ ಚೌಕ, ಬಾಡಿಯ (ಲೆನ್ಸ್ ಬಿಟ್ಟು ಕ್ಯಾಮೆರಾದ) ಮೇಲಿರುವುದು ಕೆಂಪು ಚುಕ್ಕೆ ಮಾತ್ರ. ಫುಲ್ ಫ್ರೇಮ್ ಡಿಎಸ್‌ಎಲ್‌ಆರ್ (6ಡಿಯಂಥ, ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇಎಫ್-ಎಸ್ ಲೆನ್ಸನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಅಂಗಡಿಯಲ್ಲಿ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ರಾತ್ರೋರಾತ್ರಿ ಭಾವನ ಮನೆಗೆ ಹೋಗಿ ಅವರ 70-300 ಇಸಿದುಕೊಂಡು ಬಂದೆ.

ಲಕ್ಕವಳ್ಳಿಯಲ್ಲಿ ದೋಣಿ ಹತ್ತಿದ ಮೇಲೆ ಉಳಿದದ್ದೂ ಗೊತ್ತಾಯಿತು. 700ಡಿಯಲ್ಲಿ 250ರಲ್ಲಿ ಕಾಣುತ್ತಿದ್ದ ಹಕ್ಕಿ ಇದರಲ್ಲಿ 300ರಲ್ಲಿಯೂ ಅದಕ್ಕಿಂತ ಚಿಕ್ಕದಾಗಿ ಕಾಣುತ್ತಿತ್ತು. 700ಡಿಯ ಒಂಬತ್ತೂ ಫೋಕಸ್ ಪಾಯಿಂಟ್ ಕ್ರಾಸ್ ಟೈಪ್ (ಅಡ್ಡ, ಉದ್ದ ಎರಡೂ ಗೆರೆಗಳ ಮೇಲೆ ಫೋಕಸ್ ಹಿಡಿಯುವುದು), ಸೆಕೆಂಡಿಗೆ 5 ಫ್ರೇಮ್. 6ಡಿಯಲ್ಲಿ ಹನ್ನೊಂದು ಪಾಯಿಂಟ್ ಇದ್ದರೂ ನಡುವಿನದೊಂದೇ ಕ್ರಾಸ್ ಟೈಪ್, ಫ್ರೇಮ್ ನಾಲ್ಕೂವರೆ. ಮೇಲೆ ದುಡ್ಡು ಕೊಟ್ಟು ಹಾರುವ ಹಕ್ಕಿಯ ವಿಷಯದಲ್ಲಿ ಒಂದು ಮೆಟ್ಟಿಲು ಕೆಳಗೆ ಇಳಿದಿದ್ದೆ. ಮೋಡ್ ಡಯಲ್ ಬಲದಿಂದ ಎಡಕ್ಕೆ ಹೋಗಿತ್ತು, ಆನ್-ಆಫ್ ಸ್ವಿಚ್ ಕೂಡ. ದೋಣಿಯಿಂದ ಹದಿನೈದು ಮೀಟರ್ ದೂರದ ಬಂಡೆಯ ಮೇಲೆ ಒಂದು ಹೆಣ್ಣು ಟರ್ನ್ ಕೂಗುತ್ತ ಕುಳಿತಿತ್ತು. ಗಂಡು ಮೀನು ಹಿಡಿದು ತಂದು ಕೊಕ್ಕಿಗೆ ಕೊಟ್ಟು ಹೋಯಿತು. ಕ್ಯಾಮೆರಾ ಒನ್ ಶಾಟ್‌ನಲ್ಲಿತ್ತು, ಅಂದರೆ ಫೋಕಸ್ ಒಮ್ಮೆ ಹಿಡಿದು ಅಲ್ಲೇ ನಿಲ್ಲುತ್ತಿತ್ತು. ನಾನು ಹಕ್ಕಿಯ ಜೊತೆಗೇ ಫೋಕಸ್ ಸಾಗುವ ಸರ್ವೋಗೆ ತಿರುಗಿಸುವ ಗುಂಡಿ ಹುಡುಕುತ್ತಿದ್ದೆ. ಆಮೇಲೆ ನಾಲ್ಕು ಸಲ ಭದ್ರಾಗೆ ಹೋಗಿದ್ದೇನೆ, ಅಷ್ಟು ಹತ್ತಿರದಲ್ಲಿ ಆ ದೃಶ್ಯ ಮತ್ತೆ ಸಿಕ್ಕಿಲ್ಲ.

ಅಂದಿನಿಂದ ನಾನು ಪಾಲಿಸುವ ಒಂದು ಕ್ರಮವಿದೆ. ಬಾಡಿ ಬದಲಿಸಬೇಕು ಎನಿಸಿದಾಗಲೆಲ್ಲ ಹಾಳಾದ ನೂರು ಫೋಟೋ ತೆಗೆದುಕೊಂಡು ಕೂರುತ್ತೇನೆ. ಅದಕ್ಕಾಗಿ ಹಾಳಾದವನ್ನು ಅಳಿಸುವುದೇ ಇಲ್ಲ. ಒಂದೊಂದನ್ನೂ ಪೂರ್ತಿ ಹಿಗ್ಗಿಸಿ ನೋಡಿ ಗುಂಪು ಮಾಡುತ್ತೇನೆ: ಫೋಕಸ್ ಹಕ್ಕಿಯ ಹಿಂದಿನ ಗಿಡಕ್ಕೆ ಹೋಗಿದೆಯೇ, ಶಟರ್ ಸ್ಪೀಡ್ ಸಾಲದೆ ರೆಕ್ಕೆ ಕಲಸಿದೆಯೇ, ಹಕ್ಕಿ ತೀರಾ ಚಿಕ್ಕದೇ, ನಾಯ್ಸ್ (ಚಿತ್ರದಲ್ಲಿ ಕಾಳುಕಾಳು) ಹೆಚ್ಚೇ. ರೆಕ್ಕೆ ಕಲಸಿದ್ದರೆ ತಪ್ಪು ನನ್ನದು, ಯಾವ ಬಾಡಿಯೂ ಬೇಡ. ಹಕ್ಕಿ ಚಿಕ್ಕದಾದರೆ ಲೆನ್ಸ್ ಬೇಕು. ಫೋಕಸ್ ತಪ್ಪಿದವೇ ಹೆಚ್ಚಾದರೆ ಮಾತ್ರ ಬಾಡಿಯ ಮಾತು. ಫುಲ್ ಫ್ರೇಮ್ ನೆರವಾಗುವುದು ನಾಯ್ಸ್ ಗುಂಪಿಗೆ, ಅದೂ ಫ್ರೇಮ್ ತುಂಬುವಷ್ಟು ಉದ್ದದ ಲೆನ್ಸ್ ಇದ್ದಾಗ. ದಯವಿಟ್ಟು ಇವತ್ತು ರಾತ್ರಿ ಇದನ್ನು ಮಾಡಿ ನೋಡಿ. ನೀವು ಹಾಕಿರುವ ಬೆಳ್ಳಕ್ಕಿಯ ಮೂರು ಫೋಟೋಗಳಲ್ಲಿ ಎರಡು 1/500 ಸೆಕೆಂಡಿನ ಶಟರ್‌ನಲ್ಲಿ ತೆಗೆದವು, ರೆಕ್ಕೆಗೆ ಅದು ಸಾಲದು. ಅಲ್ಲಿ ಕ್ಯಾಮೆರಾದ ತಪ್ಪೇನಿದೆ?

ಆದರೂ 1500ಡಿ ಸಾಲದು ಎಂಬುದು ನಿಜ. ಸೆಕೆಂಡಿಗೆ 3 ಫ್ರೇಮ್‌ನಲ್ಲಿ ಟರ್ನ್ ನೀರಿಗೆ ಧುಮುಕುವುದು ಸಿಗುವುದೇ ಅದೃಷ್ಟ. ನಾನಾದರೆ ಆರ್10 ಕೊಳ್ಳುತ್ತೇನೆ. ಅದೂ ಎಪಿಎಸ್-ಸಿ, ನಿಮ್ಮ ಲೆನ್ಸ್ ಅಡಾಪ್ಟರ್ ಮೇಲೆ ಪೂರ್ತಿ 24 ಮೆಗಾಪಿಕ್ಸೆಲ್ ಕೊಡುತ್ತದೆ, ಹಕ್ಕಿಯ ಕಣ್ಣು ಹುಡುಕಿ ಹಿಡಿಯುವ ಫೋಕಸ್ ಇದೆ, ಮೆಕ್ಯಾನಿಕಲ್ ಶಟರ್‌ನಲ್ಲೇ 15 ಫ್ರೇಮ್. ಎಲೆಕ್ಟ್ರಾನಿಕ್ ಶಟರ್ ಹಾಕಬೇಡಿ, ರೆಕ್ಕೆ ಬಾಗಿದಂತೆ ಬರುತ್ತದೆ. ಬಾಡಿಯೊಳಗೆ ಕೈ ನಡುಕ ತಡೆಯುವ ಸ್ಟೆಬಿಲೈಸೇಷನ್ ಇಲ್ಲ ಎಂದು ಕೆಲವರು ಹೆದರಿಸುತ್ತಾರೆ. 1/2000ದಲ್ಲಿ ಹಾರುವ ಹಕ್ಕಿ ತೆಗೆಯುವಾಗ ಅದರಿಂದ ಆಗಬೇಕಾದ್ದೇನೂ ಇಲ್ಲ. ಬಫರ್ (ಕಾರ್ಡ್‌ಗೆ ಹೋಗುವ ಮೊದಲು ಫೋಟೋ ನಿಲ್ಲುವ ಜಾಗ) ಮಾತ್ರ ಚಿಕ್ಕದು, ರಾ (ಸಂಸ್ಕರಿಸದ ದೊಡ್ಡ ಫೈಲ್) ಹಾಕಿದರೆ ಎರಡು ಸೆಕೆಂಡಿನಲ್ಲಿ ತುಂಬುತ್ತದೆ. ಸಿ-ರಾ (ಕಿರಿದಾಗಿಸಿದ ರಾ) ಇಟ್ಟುಕೊಳ್ಳಿ, ಕಾರ್ಡ್ ವೇಗದ ಯುಎಚ್‌ಎಸ್-2 ಬಗೆಯದಿರಲಿ. ಆರ್7 ಇನ್ನೂ ದೊಡ್ಡದು: 32 ಮೆಗಾಪಿಕ್ಸೆಲ್, ಎರಡು ಕಾರ್ಡ್, ದೊಡ್ಡ ಬ್ಯಾಟರಿ. ಆದರೆ ಅಷ್ಟು ಪಿಕ್ಸೆಲ್‌ಗೆ 55-250 ಸಾಲದು. ಉಳಿದ ದುಡ್ಡನ್ನು ಆರ್‌ಎಫ್ 100-400 ಲೆನ್ಸ್‌ಗೆ ತೆಗೆದಿಡಿ. 635 ಗ್ರಾಂ ತೂಕ, ದೋಣಿಯಲ್ಲಿ ಕೈ ಸೋಲುವುದಿಲ್ಲ. 400ರ ತುದಿಯಲ್ಲಿ ಎಫ್8, ಬೆಳಕು ಕಡಿಮೆ ಬಿಡುತ್ತದೆ, ಆದ್ದರಿಂದ ಗಣೇಶಗುಡಿಯ ಕತ್ತಲೆ ಹೈಡ್‌ಗೆ (ಮರೆಯಲ್ಲಿ ಕೂತು ಹಕ್ಕಿ ತೆಗೆಯುವ ಜಾಗಕ್ಕೆ) ಆಗುವುದಿಲ್ಲ. ಭದ್ರಾದ ತೆರೆದ ನೀರಿನ ಮೇಲೆ ಸಾಕು.

ಸೆಕೆಂಡ್ ಹ್ಯಾಂಡ್ ನೋಡುವವರು ಒಂದು ತಿಳಿದಿರಿ. ನಿಕಾನ್‌ನಲ್ಲಿ ಒಂದು ಜೆಪೆಗ್ ತೆಗೆದು ನೋಡಿದರೆ ಶಟರ್ ಕೌಂಟ್ (ಇದುವರೆಗೆ ಎಷ್ಟು ಫೋಟೋ ತೆಗೆದಿದೆ ಎಂಬ ಲೆಕ್ಕ) ಸಿಗುತ್ತದೆ, ಕ್ಯಾನನ್‌ನಲ್ಲಿ ಅಷ್ಟು ಸುಲಭವಲ್ಲ. ಆ ಕಾರಣಕ್ಕೇ ಹಳೆಯದು ಕೊಳ್ಳುವುದಾದರೆ ನನ್ನ ಮತ ನಿಕಾನ್ ಡಿ500ಕ್ಕೆ. 153 ಫೋಕಸ್ ಪಾಯಿಂಟ್, 10 ಫ್ರೇಮ್, 2016ರ ಕ್ಯಾಮೆರಾ ಇವತ್ತಿಗೂ ಹಕ್ಕಿಗೆ ಸೋಲುವುದಿಲ್ಲ. 200-500 ಜೊತೆ ಹೊರಲು ಮಾತ್ರ ಭುಜ ಗಟ್ಟಿ ಇರಬೇಕು, ಲೆನ್ಸ್ ಒಂದೇ 2.3 ಕಿಲೋ.

ಏನೇ ಕೊಂಡರೂ ಈ ಪ್ರವಾಸಕ್ಕೆ ಬೇಡ. ಹೊಸ ಬಾಡಿ ಕೈಗೆ ಒಗ್ಗಲು ಹದಿನೈದು ದಿನವಾದರೂ ಬೇಕು. ಮೊದಲು ಟೆರೇಸಿನಲ್ಲಿ ನಿಂತು ಹದ್ದುಗಳ ಮೇಲೆ, ಆಮೇಲೆ ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಬೆಳ್ಳಕ್ಕಿ, ನೀರುಕಾಗೆಗಳ ಮೇಲೆ ಪಳಗಿಸಿ. ಕಣ್ಣು ಮುಚ್ಚಿ ಗುಂಡಿಗಳು ಸಿಗುವಂತಾದ ಮೇಲೆ ಕಾಡಿಗೆ ಒಯ್ಯಿರಿ. ಹೊಸ ಬಾಡಿಯ ಸಿಆರ್3 (ರಾ) ಫೈಲ್ ನಿಮ್ಮ ಹಳೆಯ ಸಾಫ್ಟ್‌ವೇರ್‌ನಲ್ಲಿ ತೆರೆಯದೇ ಹೋಗಬಹುದು, ಅದನ್ನೂ ಮೊದಲೇ ನೋಡಿಕೊಳ್ಳಿ.

ಆ ಶನಿವಾರಕ್ಕೆ 1500ಡಿಯನ್ನೇ ಒಯ್ಯಿರಿ, ಇಎಫ್ 100-400ರ ಎರಡನೆಯ ಆವೃತ್ತಿಯನ್ನು ಎರಡು ದಿನಕ್ಕೆ ಬಾಡಿಗೆಗೆ ತನ್ನಿ. ಬಾಡಿಗೆಯವರು ಲೆನ್ಸ್ ಕೊಡುವಾಗಲೇ ಅವರೆದುರು ಮುಂದಿನ ಗಾಜು, ಮೌಂಟ್ ಎರಡರ ವಿಡಿಯೋ ಮಾಡಿಕೊಳ್ಳಿ. ನಡುವಿನ ಪಾಯಿಂಟ್ ಒಂದೇ, ಎಐ ಸರ್ವೋ, ಫೋಕಸನ್ನು ಹಿಂದಿನ ಗುಂಡಿಗೆ ಕೊಡಿ. ಮ್ಯಾನುಯಲ್‌ನಲ್ಲಿ 1/2000, ಎಫ್6.3, ಬೆಳಗಿನ ಎಳೆ ಬಿಸಿಲಿಗೆ ಐಎಸ್‌ಒ 800, ಬಿಸಿಲು ಏರಿದಂತೆ 400. ಆಟೋ ಬಿಟ್ಟರೆ ಕಪ್ಪು ನೀರು ನೋಡಿ ಕ್ಯಾಮೆರಾ ಬೆಳಕು ಹೆಚ್ಚಿಸುತ್ತದೆ, ಹಕ್ಕಿಯ ಹೊಟ್ಟೆ ಸುಣ್ಣ ಬಳಿದಂತಾಗುತ್ತದೆ. ಒತ್ತಿ ಹಿಡಿಯಬೇಡಿ, ಹನ್ನೊಂದು ರಾ ಆಗುವಷ್ಟರಲ್ಲಿ ಬಫರ್ ತುಂಬುತ್ತದೆ. ಲೆನ್ಸನ್ನು ದೋಣಿಯ ಕಂಬಿಗೆ ಊರಬೇಡಿ, ಎಂಜಿನ್ನಿನ ನಡುಕ ನೇರವಾಗಿ ಫೋಟೋಗೆ ಬರುತ್ತದೆ. ಮೊಣಕೈ ಪಕ್ಕೆಗೆ ಒತ್ತಿ ಹಿಡಿಯಿರಿ.

ಕೂಗುತ್ತ ಕುಳಿತ ಹಕ್ಕಿ ಕಂಡರೆ ಅದರ ಮೇಲೆ ಫೋಕಸ್ ಇಟ್ಟು ಕಾಯಿರಿ, ಜೊತೆಗಾರ ಮೀನು ತರುತ್ತಾನೆ. ಕೊಕ್ಕು ಕೆಳಗೆ ಮಾಡಿಕೊಂಡು ಹಾರುತ್ತಿದ್ದರೆ ಅದು ಧುಮುಕಲಿದೆ ಎಂದು ತಿಳಿಯಿರಿ. ದೋಣಿಯವರಿಗೆ ದುಡ್ಡು ಕೊಟ್ಟು ದ್ವೀಪದ ಹತ್ತಿರ ಒಯ್ಯಿರೆಂದು ಮಾತ್ರ ಕೇಳಬೇಡಿ. ಈ ಗುಂಪಿನವರೇ ಹಾಗೆ ಮಾಡಿದ್ದನ್ನು ನಾನು ನೋಡಿದ್ದೇನೆ. ಟರ್ನ್ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ತಾಯಿ ಹಾರಿದರೆ ಆ ಬಿಸಿಲಿನಲ್ಲಿ ಮೊಟ್ಟೆ ಬೇಯುತ್ತದೆ. ಹಕ್ಕಿ ದೂರವೆನಿಸಿದರೆ ಆಮೇಲೆ ಫೋಟೋವನ್ನು ಕ್ರಾಪ್ ಮಾಡಿ.

1500ಡಿಯನ್ನು ಈಗಲೇ ಮಾರಬೇಡಿ, ಆರ್10 ಬಂದ ಮೇಲೂ ಎರಡನೆಯ ಬಾಡಿಯಾಗಿ ಇರಲಿ. ಬ್ಯಾಟರಿ ಮಾತ್ರ ಬೇರೆ ಬೇರೆ, ಎರಡೂ ಚಾರ್ಜರ್ ಒಯ್ಯಬೇಕಾಗುತ್ತದೆ. ನೂರು ಫೋಟೋ ಗುಂಪು ಮಾಡಿದ ಮೇಲೆ ಯಾವುದರಲ್ಲಿ ಎಷ್ಟು ಬಂತು ಎಂದು ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.