ಹಗ್ಗದಲ್ಲಿ ಉಳಿದ ಸುರುಳಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಪ್ತಸಲಹೆಗೆ ಬಂದ ಇವರು ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನವರು, ವಯಸ್ಸು ಮೂವತ್ತೈದರ ಆಸುಪಾಸು. ಕರೆತಂದ ಅಕ್ಕ ಹೇಳಿದ್ದು ಒಂದೇ ಮಾತು: "ಇವನಿಗೆ ಹೆದರಿಕೆಯೇ ಇಲ್ಲ, ನೀವಾದರೂ ಸ್ವಲ್ಪ ಹೆದರಿಸಿ." ವರ್ಷದಲ್ಲಿ ಮೂರು ಸಲ ಬೈಕಿನಿಂದ ಬಿದ್ದಿದ್ದಾರೆ. ನಡುರಾತ್ರಿ ಹೆದ್ದಾರಿಯಲ್ಲಿ ಹೆಲ್ಮೆಟ್ ಇಲ್ಲದೆ ಓಡಿಸುತ್ತಾರೆ. ಸ್ವೆಟರ್ ವ್ಯಾಪಾರಕ್ಕೆಂದು ಮಾಡಿದ ಸಾಲ ಮೊಬೈಲ್ ಜೂಜಿಗೆ ಹೋಗಿದೆ. ದಿನಾ ಒಂದು ಕ್ವಾರ್ಟರ್ ಬೇಕು.

ಹನ್ನೊಂದನೇ ವಯಸ್ಸಿನಲ್ಲಿ ಟಿಬೆಟ್-ನೇಪಾಳ ಗಡಿಯ, 5,700 ಮೀಟರಿಗೂ ಎತ್ತರದ ನಂಗ್ಪಾ ಲಾ ಎಂಬ ಹಿಮದ ಕಣಿವೆದಾರಿ ದಾಟಿ ನೇಪಾಳಕ್ಕೆ ಬಂದವರು ಇವರು. ಹಗಲು ಅಡಗುವುದು, ರಾತ್ರಿ ನಡೆಯುವುದು. ಎಡಗಾಲಿನ ಎರಡು ಬೆರಳು ಹಿಮಕ್ಕೆ ಹೋದವು. ಜೊತೆಗಿದ್ದ ಹುಡುಗನೊಬ್ಬ ಕೂತಲ್ಲಿಂದ ಏಳಲೇ ಇಲ್ಲ.

ಹೆದರಿಕೆ ಇಲ್ಲ ಅನ್ನುವುದು ತಪ್ಪು. ಇವರ ಮೈ ಇಪ್ಪತ್ತನಾಲ್ಕು ಗಂಟೆಯೂ ಕಾವಲು ಕಾಯುತ್ತಿದೆ. "ಗಾಡಿ ಎಂಬತ್ತು ದಾಟಿದ ಮೇಲೆ ತಲೆಯೊಳಗಿನ ಸದ್ದು ನಿಲ್ಲುತ್ತದೆ" ಎಂದರು. ಹೊರಗೊಂದು ನಿಜವಾದ ಅಪಾಯ ಸಿಕ್ಕಾಗ ಮಾತ್ರ ಒಳಗಿನ ಗಾಬರಿಗೆ ಅರ್ಥ ಬರುತ್ತದೆ. ಜೊತೆಗೆ ನಾಳೆ ಎಂಬುದು ಇದೆ ಅಂತಲೇ ಅನಿಸುವುದಿಲ್ಲ. ಸಾಲ ತೀರಿಸುವ ಚಿಂತೆ ಎಲ್ಲಿಂದ ಬರಬೇಕು? ಇಂಥ ದುಡುಕನ್ನು ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5 ಆಘಾತೋತ್ತರ ಕಾಯಿಲೆಯ (ಪಿಟಿಎಸ್‌ಡಿ) ಲಕ್ಷಣಗಳಲ್ಲಿ ಸೇರಿಸಿದೆ. ಬೈಗುಳ, ಅಪಘಾತದ ವಿಡಿಯೊ ತೋರಿಸುವುದು, ಇವೆಲ್ಲ ಒಳಗಿನ ಗಾಬರಿಯನ್ನು ಇನ್ನಷ್ಟು ಏರಿಸುತ್ತವೆ ಅಷ್ಟೇ.

ಸಾಯಬೇಕು ಅನಿಸುತ್ತದೆಯೇ ಎಂದು ಮೊದಲ ದಿನವೇ ನೇರವಾಗಿ ಕೇಳಿದ್ದಾಯಿತು. ಸಾಯುವ ಯೋಜನೆ ಇರಲಿಲ್ಲ, "ಸತ್ತರೂ ಆಗಬಹುದು" ಎಂಬ ಉದಾಸೀನವಿತ್ತು. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹಾಗಾಗಿ ರಾತ್ರಿ ಎಂಟರಿಂದ ಬೆಳಿಗ್ಗೆ ಆರರವರೆಗೆ ಬೈಕಿನ ಕೀಲಿ ಅಕ್ಕನ ಹತ್ತಿರ; ಯುಪಿಐ ಮಿತಿ ದಿನಕ್ಕೆ 500 ರೂಪಾಯಿ; ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, 14416. ಕುಡಿತವನ್ನು ಒಂದೇ ದಿನಕ್ಕೆ ಬಿಡಿಸಲು ಮನೆಯವರು ಹೊರಟಿದ್ದರು. ದಿನಾ ಕುಡಿಯುವವರು ಹಾಗೆ ನಿಲ್ಲಿಸಿದರೆ ಕೈನಡುಕ, ಕೆಲವರಿಗೆ ಫಿಟ್ಸ್ ಬರಬಹುದು. ಮನೋವೈದ್ಯರ ನಿಗಾದಲ್ಲೇ ಬಿಡಿಸಲು ತಿಳಿಸಲಾಯಿತು. ಆಘಾತದ ಕಾಯಿಲೆಗೆ ಮನೋವೈದ್ಯರು ಕೊಡುವ ಮಾತ್ರೆ ಪರಿಣಾಮ ತೋರಲು ನಾಲ್ಕಾರು ವಾರ ಬೇಕೆಂಬುದನ್ನೂ ಮೊದಲೇ ಹೇಳಿಡಬೇಕು. ಇಲ್ಲವಾದರೆ ಹತ್ತನೇ ದಿನಕ್ಕೆ ಬಿಟ್ಟುಬಿಡುತ್ತಾರೆ.

ಎಡವಿದ್ದು ಒಂದು ಕಡೆ. ಗಾಬರಿಯಾದಾಗ ಮುಖಕ್ಕೆ ತಣ್ಣೀರು ಹಾಕಿ, ಐಸ್ ಹಿಡಿಯಿರಿ ಎಂಬುದು ರೂಢಿಯ ಸಲಹೆ. ಇವರಿಗೆ ತಣ್ಣಗಿನ ಸ್ಪರ್ಶವೇ ಆ ಹಿಮದ ರಾತ್ರಿ, ನಡುಕ ಹೆಚ್ಚಾಯಿತು. ಬದಲಿಗೆ ಬಿಸಿ ಬೆಣ್ಣೆ ಚಹಾದ ಬಟ್ಟಲನ್ನು ಎರಡೂ ಅಂಗೈಯಲ್ಲಿ ಹಿಡಿದು, ಕಣ್ಣು ಬಿಟ್ಟುಕೊಂಡೇ, ಎದುರಿಗಿರುವ ಐದು ವಸ್ತುಗಳ ಹೆಸರು ಹೇಳುವುದು ಒಗ್ಗಿತು. ಮನೆಯವರು ಇದನ್ನು "ಸೋಗ್ ಲುಂಗ್", ಅಂದರೆ ಪ್ರಾಣವಾಯುವಿನ ಏರುಪೇರು, ಎನ್ನುತ್ತಾರೆ. ಅದರ ಜೊತೆ ವಾದ ಬೇಡ. ನಿದ್ದೆ, ಬಿಸಿ ಊಟ, ಜನರ ಒಡನಾಟ ಎಂದು ಅವರ ಟಿಬೆಟನ್ ವೈದ್ಯರು ಹೇಳುವುದೂ ಇಲ್ಲಿ ಬೇಕಾದದ್ದೇ.

ನಿದ್ದೆ ಸ್ವಲ್ಪ ಹದಕ್ಕೆ ಬಂದ ಮೇಲೆ ಹಗ್ಗದ ಕೆಲಸ. ನೆಲದ ಮೇಲೆ ಹಗ್ಗ ಹಾಸಿ, ಹುಟ್ಟಿನಿಂದ ಇಲ್ಲಿವರೆಗೆ ನಡೆದ ಕೆಟ್ಟದ್ದಕ್ಕೆ ಕಲ್ಲು, ಒಳ್ಳೆಯದಕ್ಕೆ ಹೂವು ಇಡುವುದು; ಮುಂದೆ ವಾರಕ್ಕೊಂದರಂತೆ ಒಂದೂವರೆ ಗಂಟೆಯ ಭೇಟಿಯಲ್ಲಿ ಒಂದೊಂದು ಕಲ್ಲಿನ ಕತೆಯನ್ನು ಮೊದಲಿಂದ ಕೊನೆತನಕ ಹೇಳುವುದು. ಅಂಗಡಿಯಲ್ಲಿ ಇವರ ಕನ್ನಡ ಸರಾಗ, ಆದರೆ ಆ ರಾತ್ರಿ ನೆನಪಿರುವುದು ಟಿಬೆಟನ್ನಿನಲ್ಲಿ. ಅದಕ್ಕೆ ದುಭಾಷಿ ಬೇಕು, ಅಕ್ಕ ಆಗಬಾರದು. ಅಕ್ಕನ ಮುಂದೆ ಹೇಳಲಾರದ ಮಾತುಗಳಿರುತ್ತವೆ. ಮಾರ್ಚ್ 10ರ ಆಸುಪಾಸಿನಲ್ಲಿ, ಕ್ಯಾಂಪಿನಲ್ಲಿ ಚೀನಾದ ವಿರುದ್ಧ ಟಿಬೆಟನ್ನರು ಎದ್ದ 1959ರ ದಂಗೆಯ ನೆನಪು ನಡೆಯುವಾಗ, ಹೊಸ ಕಲ್ಲು ಎತ್ತಿಕೊಳ್ಳದಿರುವುದು ಮೇಲು.

ಈ ವಿಧಾನದಲ್ಲಿ ಹಗ್ಗದ ತುದಿಯನ್ನು ಬಿಚ್ಚದೆ ಸುರುಳಿಯಾಗಿಯೇ ಬಿಡುತ್ತಾರೆ, ಮುಂದಿನ ಬದುಕಿಗೆ. ಮೊದಲ ಸಲ ಅವರು ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ್ದರು. ಐದನೇ ಭೇಟಿಯಲ್ಲಿ ಎತ್ತಿಕೊಂಡು, ಎಷ್ಟು ಉದ್ದ ಉಳಿದಿದೆ ಎಂದು ಕೇಳಿದರು.