ಮಿನೆಸೋಟಾಗೆ ಗಾಳ ತರಬೇಕಾ ಅಂತ ಕೇಳಿದ ತಮ್ಮನಿಗೆ

ನಿಮ್ಮ ಪ್ರಶ್ನೆ ಇಷ್ಟು: ಏಪ್ರಿಲ್‌ನಲ್ಲಿ ಕೆಲಸದ ಮೇಲೆ ಮಿನಿಯಾಪೊಲಿಸ್‌ಗೆ ಬರ್ತಿದ್ದೀರಿ. ಹೆಸರಘಟ್ಟ, ಮಂಚನಬೆಲೆ ಕಡೆ ಗಾಳ ಹಾಕಿ ಅಭ್ಯಾಸ. ರಾಡು ರೀಲು ಬೆಂಗಳೂರಿಂದಲೇ ತರಬೇಕಾ, ಇಲ್ಲೇ ಕೊಳ್ಳಬೇಕಾ? ಸುಂಕದ ಗಲಾಟೆಯಲ್ಲಿ ಬೆಲೆ ಹೇಗಿದೆ? ಅಮೆರಿಕ ಎರಡು ಹೋಳಾಗಿದೆ ಅಂತಾರೆ, ಕೆರೆ ದಂಡೆಯಲ್ಲಿ ಯಾರಾದ್ರೂ ರಾಜಕೀಯ ಎತ್ತಿದ್ರೆ ಏನು ಮಾತಾಡ್ಲಿ? ಜೊತೆಗೆ ಮನೆ ಬಾಡಿಗೆ, ಮಕ್ಕಳ ಸ್ಕೂಲು, ಕ್ರೆಡಿಟ್ ಕಾರ್ಡು ಅಂತಲೂ ಕೇಳಿದ್ದೀರಿ. ಅವನ್ನ ನಿಮ್ಮ ಆಫೀಸಿನ ನಮ್ಮವರು ನನಗಿಂತ ಚೆನ್ನಾಗಿ ಹೇಳ್ತಾರೆ. ಚಳಿಗಾಲದ ಬೂಟು ಮಾತ್ರ ಅಲ್ಲಿ ಕೊಳ್ಳಬೇಡಿ, ಇಲ್ಲಿಯ ಚಳಿಗೆ ಅದು ತಡೆಯಲ್ಲ. ಅಣ್ಣಾ ಅಂತ ಕರೆದಿದ್ದೀರಿ, ಮೀನಿನ ವಿಷಯ ಅಣ್ಣನ ಸಲಿಗೆಯಲ್ಲೇ ಹೇಳ್ತೀನಿ.

ಕಾಟ್ಲಾಗೆ ಅಂತ ಇಟ್ಟಿರೋ 10 ಅಡಿ ರಾಡು, 40 ಪೌಂಡಿನ ದಾರ, ದಪ್ಪ ರೀಲು ಎಲ್ಲಾ ಅಲ್ಲೇ ಯಾರಿಗಾದ್ರೂ ಕೊಟ್ಟು ಬನ್ನಿ. ಇಲ್ಲಿ ಜನ ಪ್ರಾಣ ಬಿಡೋದು ವಾಲೈ ಅನ್ನೋ ಮೀನಿಗೆ. ಅದು ಕಚ್ಚೋದು ಬಹಳ ಮೆತ್ತಗೆ, ಗಟ್ಟಿ ರಾಡಲ್ಲಿ ಕೈಗೆ ತಿಳಿಯೋದೇ ಇಲ್ಲ. ಬೇಕಾದ್ದು ಆರೂವರೆಯಿಂದ ಏಳು ಅಡಿಯ ಮೀಡಿಯಂ ಲೈಟ್ ರಾಡು, ತುದಿ ಮಾತ್ರ ಬಾಗುವಂಥದ್ದು. 2500 ಸೈಜಿನ ಸ್ಪಿನ್ನಿಂಗ್ ರೀಲು. 10 ಪೌಂಡಿನ ಬ್ರೇಡು ಅಂದ್ರೆ ಹೆಣೆದ ದಾರ, ಅದರ ತುದಿಗೆ 8 ಪೌಂಡಿನ ಫ್ಲೋರೋಕಾರ್ಬನ್ ಅನ್ನೋ ತಿಳಿ ದಾರ ಮೂರಡಿ. ಆ ಸೈಜಿನ ರೀಲು ನಿಮ್ಮ ಹತ್ರ ಈಗಾಗಲೇ ಇದ್ರೆ ಬಟ್ಟೆಯಲ್ಲಿ ಸುತ್ತಿ ತನ್ನಿ. ರಾಡು ಎರಡು ತುಂಡಿನದಾದ್ರೆ ತರಬಹುದು. ಒಂದೇ ತುಂಡಿನ ಏಳಡಿ ಅಂದ್ರೆ 213 ಸೆಂಟಿಮೀಟರ್. ಉದ್ದ ಅಗಲ ಎತ್ತರ ಕೂಡಿ 158 ದಾಟಿದ ಲಗೇಜಿಗೆ ವಿಮಾನದವರು ಸಾಮಾನ್ಯವಾಗಿ ಬೇರೆ ದುಡ್ಡು ಕೇಳ್ತಾರೆ, ಅಷ್ಟರಲ್ಲಿ ಇಲ್ಲಿ ಹೊಸದೇ ಬರತ್ತೆ. ಗಾಳದ ಮುಳ್ಳುಗಳು ಚೆಕ್ ಇನ್ ಬ್ಯಾಗಿನಲ್ಲಿ ಇರಲಿ, ತುದಿಗೆ ಬೆಂಡು ಚುಚ್ಚಿ, ತಪಾಸಣೆ ಮಾಡೋರ ಕೈಗೆ ಚುಚ್ಚದ ಹಾಗೆ. ಕೆರೆ ಮಣ್ಣು ಮೆತ್ತಿದ ಸಾಮಾನು ತರಬೇಡಿ, ಎಲ್ಲ ತೊಳೆದು ಒಣಗಿಸಿ. ನವಿಲುಗರಿ ದಂಟಿನ ಬೆಂಡು ಎಷ್ಟೇ ಇಷ್ಟವಾದ್ರೂ ಬೇಡ, ನವಿಲುಗರಿಯನ್ನ ನಮ್ಮ ದೇಶದಿಂದ ಹೊರಗೆ ಕಳಿಸೋದಕ್ಕೆ ನಿಷೇಧ ಇದೆ.

ಮರಲ್ ಮೀನಿಗೆ ಹಾಕೋ ರಬ್ಬರ್ ಕಪ್ಪೆಗಳಿದ್ರೆ ಖಂಡಿತ ತನ್ನಿ. ಬೇಸಿಗೆಯಲ್ಲಿ ನೈದಿಲೆ ಎಲೆಗಳ ಮೇಲೆ ಎಳೆದರೆ ಲಾರ್ಜ್‌ಮೌತ್ ಬಾಸ್ ಅನ್ನೋ ಮೀನು ಅದೇ ಸದ್ದಿನಲ್ಲಿ ಮೇಲೆ ಬಂದು ಹೊಡೆಯತ್ತೆ. ಮರಲ್ ಸಂಬಂಧಿಗಳಿಗೆ ಇಲ್ಲಿ ಸ್ನೇಕ್‌ಹೆಡ್ ಅಂತಾರೆ, 2002ರಿಂದ ಜೀವಂತ ಸ್ನೇಕ್‌ಹೆಡ್ ತರೋದು ಫೆಡರಲ್ ಅಪರಾಧ.

ಎರೆಯಾಗಿ ಇಲ್ಲಿ ಬೇಸಿಗೆಯಲ್ಲಿ ಬಳಸೋದು ಜಿಗಣೆ. ಮಲೆನಾಡಿನವರು ಕಾಲಿಂದ ಕಿತ್ತೆಸೆಯೋ ಜಿಗಣೆಯ ದಾಯಾದಿಯನ್ನ ಇಲ್ಲಿ ಡಜನ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕು. ಕಟ್ಟೋ ಕ್ರಮ ಹೀಗೆ: ದಾರಕ್ಕೆ ಮೊದಲು ಬಾಬರ್ ಸ್ಟಾಪ್ ಅನ್ನೋ ಸಣ್ಣ ಗಂಟು, ಆಮೇಲೆ ಒಂದು ಮಣಿ, ಆಮೇಲೆ ಒಳಗೆ ತೂತಿರೋ ಜಾರುವ ಬೆಂಡು. ಕೆಳಗೆ ಸಣ್ಣ ಗುಂಡು, ಅದರಿಂದ ಒಂದೂವರೆ ಅಡಿ ಬಿಟ್ಟು 6ನೇ ನಂಬರಿನ ಮುಳ್ಳು. ಜಿಗಣೆಯನ್ನ ಅದು ಅಂಟಿಕೊಳ್ಳೋ ಅಗಲವಾದ ತುದಿಯ ಕಡೆ ಚುಚ್ಚಿ, ಆಗ ಇನ್ನೊಂದು ತುದಿ ಆಡ್ತಾ ಇರತ್ತೆ. ನಡುವೆ ಚುಚ್ಚಿದ್ರೆ ಉಂಡೆ ಕಟ್ಟಿಕೊಂಡು ಸುಮ್ಮನಾಗತ್ತೆ. ತಳದಿಂದ ಒಂದಡಿ ಮೇಲೆ ನಿಲ್ಲೋ ಹಾಗೆ ಗಂಟನ್ನ ಸರಿಸಿ. ಮಣಿ ಮರೆತರೆ ಗಂಟು ಬೆಂಡಿನ ತೂತೊಳಗೆ ನುಗ್ಗಿ ಆಳದ ಲೆಕ್ಕವೇ ತಪ್ಪತ್ತೆ, ಹೊಸಬರು ಹೆಚ್ಚಾಗಿ ಮಾಡೋ ತಪ್ಪು ಇದೇ. ವಾಲೈ ಕಣ್ಣಿಗೆ ಮಬ್ಬು ಬೆಳಕು ಅನುಕೂಲ, ಆದ್ದರಿಂದ ಮುಸ್ಸಂಜೆ ಮತ್ತು ನಸುಕಿನಲ್ಲಿ ಹೋಗಿ.

ಆದರೆ ಅದಕ್ಕೆ ಮೇ ಮಧ್ಯದವರೆಗೆ ಕಾಯಬೇಕು. ಫೆಬ್ರವರಿ ಕೊನೆಯಿಂದ ಅಲ್ಲಿಯವರೆಗೆ ಒಳನಾಡಿನ ಕೆರೆಗಳಲ್ಲಿ ವಾಲೈ ಹಿಡಿಯೋ ಹಾಗಿಲ್ಲ. ಸನ್‌ಫಿಶ್, ಕ್ರಾಪಿ ಅನ್ನೋ ಸಣ್ಣ ಮೀನುಗಳನ್ನ ವರ್ಷಪೂರ್ತಿ ಹಿಡೀಬಹುದು, ಐಸ್ ಕರಗಿದ ಮೇಲೆ ಅದರಿಂದಲೇ ಶುರು ಮಾಡಿ. 16 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು. 60 ದಿನ ಇಲ್ಲಿ ವಾಸ ಇದ್ದ ಮೇಲಷ್ಟೇ ಸ್ಥಳೀಯರ ದರ, ಅಲ್ಲಿಯವರೆಗೆ ಹೊರಗಿನವರ ದರ ಕೊಡಿ, ಸುಳ್ಳು ಹೇಳಬೇಡಿ. ಒಬ್ಬರಿಗೆ ಒಂದೇ ದಾರ, ಐಸ್ ಮೇಲಾದ್ರೆ ಎರಡು. ನಮ್ಮ ಕಡೆ ನಾಲ್ಕು ರಾಡು ಸಾಲಾಗಿ ನಿಲ್ಲಿಸಿ ಬೀಡಿ ಹಚ್ಚೋ ಹಾಗೆ ಇಲ್ಲಿ ನಡೆಯಲ್ಲ. ದಂಡೆಯಲ್ಲೇ ಮೀನು ಸಾರಿಗೆ ಅಂತ ತುಂಡು ಹಾಕೋದೂ ನಡೆಯಲ್ಲ: ವಾಲೈಯನ್ನ ಫಿಲೆ ಮಾಡಿ, ಅಂದ್ರೆ ಮುಳ್ಳು ಬಿಡಿಸಿ ಹೋಳು ಮಾಡಿ ಒಯ್ದರೆ ಪ್ರತಿ ತುಂಡಿನ ಮೇಲೆ ಒಂದಿಂಚು ಚದರ ಚರ್ಮ, ಪೊರೆ ಸಮೇತ ಉಳಿದಿರಬೇಕು. ಉದ್ದದ ಮಿತಿ ಇರೋ ಕೆರೆಯಾದ್ರೆ ತಲೆ ಬಾಲ ಸಮೇತ ಇಡೀ ಮೀನೇ ಒಯ್ಯಬೇಕು. ಎರೆಯ ಬಕೆಟ್ಟಿನಲ್ಲಿ ಕೆರೆ ನೀರು ತುಂಬಿಕೊಂಡು ರಸ್ತೆಗೆ ಇಳಿದರೆ ದಂಡ. ಒಂದು ಕೆರೆಯ ಜೀಬ್ರಾ ಮಸಲ್ ಅನ್ನೋ ಹಾವಳಿಯ ಚಿಪ್ಪುಜೀವಿ ಇನ್ನೊಂದು ಕೆರೆಗೆ ಹೋಗೋದು ಹಾಗೇನೇ. ನೀರು ಚೆಲ್ಲಿ, ಮನೆಯಿಂದ ತಂದ ಕ್ಲೋರಿನ್ ಇಲ್ಲದ ನೀರು ತುಂಬಿ. ನಲ್ಲಿ ನೀರು ನೇರ ಹಾಕಿದ್ರೆ ಮಿನೋ, ಅಂದ್ರೆ ಎರೆಗೆ ಬಳಸೋ ಪುಟ್ಟ ಮೀನು, ಸಾಯತ್ತೆ. ಉಳಿದ ಎರೆ ಕಸದ ಬುಟ್ಟಿಗೆ, ಕೆರೆಗಲ್ಲ.

ಈಗ ಬೆಲೆ ವಿಷಯ. ಅಂಗಡಿಗೆ ಹೋದಾಗ ಕಡಲೆಕಾಳಿನಷ್ಟು ಒಂದು ಜಿಗ್, ಅಂದ್ರೆ ಲೋಹದ ಗುಂಡು ಕೂರಿಸಿದ ಮುಳ್ಳು, ಅಂಗೈ ಮೇಲೆ ಇಟ್ಟುಕೊಂಡು ನೋಡಿ, ತಲೆಗೆ ಹಸಿರು ಬಣ್ಣ, ಹೊಟ್ಟೆಗೆ ಚಿನ್ನದ ಬಣ್ಣ. ಸೀಸದ್ದಾದ್ರೆ ಅಗ್ಗ. ಆದರೆ ಇಲ್ಲಿಯ ಕೆರೆಗಳಲ್ಲಿ ಲೂನ್ ಅನ್ನೋ ಹಕ್ಕಿ ಇದೆ, ಕಪ್ಪು ಬಿಳಿ ಚುಕ್ಕಿ, ಕೆಂಪು ಕಣ್ಣು, ರಾಜ್ಯದ ಹಕ್ಕಿ ಅದು. ತಳದ ಕಲ್ಲು ನುಂಗುವಾಗ ಒಂದು ಸೀಸದ ಗುಂಡು ಹೊಟ್ಟೆಗೆ ಹೋದ್ರೂ ಸಾಯತ್ತೆ. ಅದಕ್ಕೇ ಮೇನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್‌ನಂಥ ರಾಜ್ಯಗಳಲ್ಲಿ ಸಣ್ಣ ಸೀಸದ ಗುಂಡಿನ ಮೇಲೆ ನಿರ್ಬಂಧ ಇದೆ, ಬ್ರಿಟನ್ನಿನಲ್ಲಿ 1987ರಿಂದಲೇ ಇದೆ. ಸೀಸ ಬೇಡ ಅಂದ್ರೆ ಟಂಗ್ಸ್ಟನ್ ಅನ್ನೋ ಲೋಹ. ಅದು ಸೀಸಕ್ಕಿಂತ ಬಹಳ ಸಾಂದ್ರ, ಅದೇ ತೂಕಕ್ಕೆ ಗುಂಡು ಚಿಕ್ಕದಾಗತ್ತೆ, ಬೇಗ ಮುಳುಗತ್ತೆ, ತಳ ಮುಟ್ಟಿದ್ದು ಕೈಗೆ ಸ್ಪಷ್ಟವಾಗಿ ತಿಳಿಯತ್ತೆ. ಆದರೆ ಪ್ರಪಂಚದ ಟಂಗ್ಸ್ಟನ್‌ನಲ್ಲಿ ಬಹುಪಾಲು ಚೀನಾದ್ದು. 2025ರ ಫೆಬ್ರವರಿಯಲ್ಲಿ ಅಮೆರಿಕ ಸುಂಕ ಹಾಕಿದ ಬೆನ್ನಿಗೇ ಚೀನಾ ಟಂಗ್ಸ್ಟನ್ ಮತ್ತು ಬಿಸ್ಮತ್ ರಫ್ತಿನ ಮೇಲೆ ಹಿಡಿತ ಬಿಗಿ ಮಾಡಿತು. ಸೀಸದ ಬದಲಿಗೆ ಬಳಸೋ ಎರಡು ಲೋಹಗಳೂ ಒಟ್ಟಿಗೇ ಸಿಕ್ಕಿಬಿದ್ದವು. ಹಕ್ಕಿ ಉಳಿಸೋ ಜಿಗ್ಗು ದುಬಾರಿಯಾದ್ರೆ ಜನ ಮತ್ತೆ ಸೀಸಕ್ಕೆ ಹೋಗ್ತಾರೆ. ವ್ಯಾಪಾರದ ಜಗಳದ ಪೆಟ್ಟು ಕೊನೆಗೆ ಬೀಳೋದು ಲೂನ್ ಮೇಲೆ. ನನಗೆ ಇದು ನಿಜವಾಗಿ ಸಂಕಟದ ಮಾತು. ದುಬಾರಿಯಾದ್ರೂ ಟಂಗ್ಸ್ಟನ್ನೇ ಕೊಳ್ಳಿ, ಇಲ್ಲಾ ತವರದ ಗುಂಡು ಕೊಳ್ಳಿ.

ಸುಂಕವನ್ನ ಹೊರದೇಶ ಕಟ್ಟತ್ತೆ ಅಂತ ದಂಡೆಯಲ್ಲಿ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಸುಂಕ ಕಟ್ಟೋದು ಆಮದು ಮಾಡ್ಕೊಳ್ಳೋನು, ಕೊನೆಗೆ ಬಹುಪಾಲು ನಾವು. ಗಡಿಯಲ್ಲಿ 40 ಡಾಲರಿನ ರೀಲಿಗೆ ಶೇಕಡಾ 20 ಸುಂಕ ಇದೆ ಅಂತಿಟ್ಟುಕೊಳ್ಳಿ, 8 ಡಾಲರ್ ಸೇರಿತು. ಆಮದುದಾರ ಲಾಭ ಸೇರಿಸಿ ಅಂಗಡಿಗೆ ಮಾರುವ ಬೆಲೆ ಮೇಲೆ ಮತ್ತೆ ಶೇಕಡಾ 10 ಫೆಡರಲ್ ಎಕ್ಸೈಸ್ ತೆರಿಗೆ, ಅಂದ್ರೆ ಸುಂಕದ ಮೇಲೂ ತೆರಿಗೆ. ರಾಡಿಗೆ ಮಾತ್ರ ಈ ತೆರಿಗೆ 10 ಡಾಲರ್ ದಾಟಲ್ಲ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಎಕ್ಸೈಸ್ ತೆರಿಗೆಯ ದುಡ್ಡನ್ನ 1950ರ ಡಿಂಗೆಲ್ ಜಾನ್ಸನ್ ಕಾಯ್ದೆ ಮೀನಿನ ಕೆಲಸಕ್ಕೇ ಮೀಸಲಿಟ್ಟಿತು. ಆ ದುಡ್ಡು ರಾಜ್ಯಗಳಿಗೆ ಹಂಚಿಹೋಗಿ ಮೀನಿನ ಮರಿ ಬಿಡೋದಕ್ಕೆ, ದೋಣಿ ಇಳಿಸೋ ಕಟ್ಟೆಗೆ ವಾಪಸ್ ಬರತ್ತೆ. ಸುಂಕದ ದುಡ್ಡು ಹಾಗೆ ಕೆರೆಗೆ ಬರಲ್ಲ. ನಾನು ಮೊದಲನೆಯದನ್ನ ಸಂತೋಷವಾಗಿ ಕಟ್ಟುತ್ತೀನಿ, ಎರಡನೆಯದಕ್ಕೆ ವಿರೋಧಿ.

ಭಾರತದ ಸರಕಿನ ಮೇಲೆ 2025ರ ಆಗಸ್ಟ್ 27ರಿಂದ ಸುಂಕ ಶೇಕಡಾ 50ಕ್ಕೆ ಏರಿತ್ತು. 29ರಿಂದ 800 ಡಾಲರ್ ಒಳಗಿನ ಪಾರ್ಸಲ್‌ಗಿದ್ದ ವಿನಾಯಿತಿಯೂ ಹೋಯ್ತು. ಅದೇ ವಾರ ನಮ್ಮ ಅಂಚೆಯವರು ಅಮೆರಿಕಾಗೆ ಬಹುಪಾಲು ಪಾರ್ಸಲ್ ತಗೊಳ್ಳೋದನ್ನೇ ಅಕ್ಟೋಬರ್‌ವರೆಗೆ ನಿಲ್ಲಿಸಿದ್ರು. ದರಗಳು ಮತ್ತೆ ಮತ್ತೆ ಬದಲಾಗ್ತಾ ಇವೆ. ಅದಕ್ಕೇ ಹೇಳೋದು: ಬೇಕಾದ್ದು ಬರುವಾಗಲೇ ಬ್ಯಾಗಲ್ಲಿ ತನ್ನಿ, ಆಮೇಲೆ ಅಮ್ಮನ ಕೈಲಿ ಪಾರ್ಸಲ್ ಹಾಕಿಸಬೇಡಿ.

ರಾಜಕೀಯ. ಮಿನಿಯಾಪೊಲಿಸ್ ನಡುವೆ ಒಂದು ದೊಡ್ಡ ಕೆರೆ ಇದೆ, ಬ್ಡೆ ಮಕಾ ಸ್ಕಾ ಅಂತ. ಮುಂಚೆ ಗುಲಾಮಗಿರಿಯ ಪರ ವಾದಿಸಿದ ಕಾಲ್ಹೂನ್ ಹೆಸರಿತ್ತು, 2018ರಲ್ಲಿ ರಾಜ್ಯ ಇಲ್ಲಿಯ ಮೂಲನಿವಾಸಿಗಳಾದ ಡಕೋಟಾ ಜನ ಕರೆಯೋ ಹೆಸರನ್ನ ಮತ್ತೆ ಇಟ್ಟಿತು, ಅದು ಕೋರ್ಟಿಗೂ ಹೋಯ್ತು. ಕೆಲವರು ಇನ್ನೂ ಹಟದಿಂದ ಹಳೇ ಹೆಸರೇ ಹೇಳ್ತಾರೆ. ನೀವು ಹೊಸದನ್ನ ಕಲೀರಿ. 2014ರಲ್ಲಿ ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂದಾಗ ನಮಗೆ ಹೇಗನ್ನಿಸಿತು ನೆನಪಿದೆಯಲ್ಲ?

ಇಲ್ಲಿಯವರು ಎಲ್ಲದರಲ್ಲೂ ಎರಡು ಹೋಳು ಅಂತ ತಿಳೀಬೇಡಿ. 2008ರಲ್ಲಿ ನೀರು, ಕಾಡು, ಕಲೆಗೆ ಅಂತ ತಮ್ಮ ಮಾರಾಟ ತೆರಿಗೆಯನ್ನ ತಾವೇ ಶೇಕಡಾ 0.375 ಏರಿಸಿಕೊಂಡು ವೋಟು ಹಾಕಿದ ಜನ ಇವರು, 2034ರವರೆಗೆ. ಇದನ್ನ ಹೇಳುವಾಗ ನನಗೂ ಈ ಊರಿನವನಾಗಿದ್ದಕ್ಕೆ ಹೆಮ್ಮೆ ಆಗತ್ತೆ.

ನಿಜವಾದ ಬೆಂಕಿ ಇರೋದು ಮಿಲ್ ಲ್ಯಾಕ್ಸ್ ಕೆರೆಯಲ್ಲಿ. ಐಸ್ ಕರಗಿದ ಕೂಡಲೇ ಒಜಿಬ್ವೆ ಅನ್ನೋ ಮೂಲನಿವಾಸಿ ಜನ ಅಲ್ಲಿ ವಾಲೈಗೆ ಬಲೆ ಹಾಕ್ತಾರೆ. ಗಾಳದವರಿಗೆ ಇದು ಕಣ್ಣಿಗೆ ಚುಚ್ಚತ್ತೆ. ನಾನು ಬಂದ ಮೊದಲ ಬೇಸಿಗೆ, ಎರೆ ಅಂಗಡಿಯಲ್ಲಿ ನಾಲ್ಕು ಜನ ಈ ಬಲೆಯನ್ನ ಬೈತಿದ್ರು. ಅವರಲ್ಲಿ ಒಬ್ಬನಾಗಬೇಕು ಅನ್ನೋ ಆಸೆಗೆ ನಾನೂ ‘ಹೌದು, ನಿಲ್ಲಿಸಬೇಕು’ ಅಂದುಬಿಟ್ಟೆ. ಪಕ್ಕದಲ್ಲಿ ಮಿನೋ ಕೊಳ್ಳೋಕೆ ನಿಂತಿದ್ದವರು ಒಜಿಬ್ವೆ. ನನ್ನ ಮುಖ ಒಂದು ಸಲ ನೋಡಿ, ದುಡ್ಡು ಇಟ್ಟು ಹೋದ್ರು. ಅವರ ಹೆಸರು ನನಗೆ ಗೊತ್ತಿಲ್ಲ, ಕ್ಷಮೆ ಕೇಳೋಕೂ ದಾರಿ ಇಲ್ಲ, ಇವತ್ತಿಗೂ ಆ ಮುಖ ಕಣ್ಣ ಮುಂದೆ ಬರತ್ತೆ.

ವಿಷಯ ಆಮೇಲೆ ಓದಿದೆ. 1837ರ ಒಪ್ಪಂದದಲ್ಲಿ ಒಜಿಬ್ವೆ ಜನ ನೆಲ ಬಿಟ್ಟುಕೊಟ್ಟರು. ಬೇಟೆ, ಮೀನು, ಕೆರೆಯ ಕಾಡು ಅಕ್ಕಿ ಇವುಗಳ ಹಕ್ಕು ಉಳಿಸಿಕೊಂಡರು. ರಾಜ್ಯ ಅದನ್ನ ಮಾನ್ಯ ಮಾಡದೆ ಇದ್ದಾಗ 1990ರಲ್ಲಿ ಕೋರ್ಟಿಗೆ ಹೋದ್ರು, 1999ರಲ್ಲಿ ಸುಪ್ರೀಂ ಕೋರ್ಟು 5–4ರಲ್ಲಿ ಹಕ್ಕು ಉಳಿದಿದೆ ಅಂತ ತೀರ್ಪು ಕೊಟ್ಟಿತು. ಈಗ ವರ್ಷಕ್ಕೆ ಎಷ್ಟು ಮೀನು ತೆಗೆಯಬಹುದು ಅಂತ ಲೆಕ್ಕ ಹಾಕಿ ಎರಡೂ ಕಡೆಗೆ ಪಾಲು ಮಾಡ್ತಾರೆ. 2016ರ ಬೇಸಿಗೆಯಲ್ಲಿ ಗಾಳದವರು ಒಂದು ವಾಲೈಯನ್ನೂ ಮನೆಗೆ ಒಯ್ಯೋ ಹಾಗಿರಲಿಲ್ಲ, ಆಗ ಬೈಗುಳವೆಲ್ಲಾ ಬಲೆ ಮೇಲೆ ಬಿತ್ತು. ಆದರೆ 2005ರಿಂದ ಆ ಕೆರೆಯಲ್ಲಿ ಜೀಬ್ರಾ ಮಸಲ್ ಇದೆ, ನೀರು ತಿಳಿಯಾಗಿದೆ, ಬಿಸಿಯೂ ಏರ್ತಿದೆ. ಮಬ್ಬು ಬೆಳಕಿನ ತಣ್ಣೀರ ಮೀನಿಗೆ ಇದೆಲ್ಲಾ ಕಷ್ಟ.

ನಾವು ಕಾವೇರಿ ನೀರು ಕುಡಿದು ಬೆಳೆದವರು. 1892, 1924ರ ಒಪ್ಪಂದಗಳು, 1990ರ ನ್ಯಾಯಮಂಡಳಿ, 2018ರ ತೀರ್ಪು ಎಲ್ಲಾ ನಮಗೆ ಬಾಯಿಪಾಠ. 1991ರಲ್ಲೂ 2016ರಲ್ಲೂ ಬೆಂಗಳೂರು ಹೊತ್ತಿ ಉರಿದದ್ದು ಗೊತ್ತು. ನಿನ್ನೆ ಮೊನ್ನೆ ಬಂದ ಹೊರಗಿನವನೊಬ್ಬ ಮಂಡ್ಯದ ಚಹಾ ಅಂಗಡಿಯಲ್ಲಿ ನಿಂತು ಆ ನೀರಿನ ಬಗ್ಗೆ ತೀರ್ಪು ಕೊಟ್ರೆ ನಮಗೆ ಹೇಗಾಗತ್ತೆ? ನಾನು ಆವತ್ತು ಮಾಡಿದ್ದು ಅದೇ ಕೆಲಸ. ಆದ್ದರಿಂದ ಯಾರಾದ್ರೂ ಬಲೆಯ ಮಾತು ತೆಗೆದರೆ ‘ಒಪ್ಪಂದದಲ್ಲಿ ಏನಿದೆ?’ ಅಂತ ಕೇಳಿ, ಕೇಳಿಸಿಕೊಳ್ಳಿ. ಅಧ್ಯಕ್ಷರ ಬಗ್ಗೆ, ಬಂದೂಕಿನ ಬಗ್ಗೆ, ವಲಸೆಯ ಬಗ್ಗೆ ಕೆಣಕಿದ್ರೆ ಎಷ್ಟು ಆಳದಲ್ಲಿ ಮೀನು ಸಿಗ್ತಿದೆ ಅಂತ ಕೇಳಿ, ಎಲ್ಲರೂ ಅದಕ್ಕೆ ಉತ್ತರ ಕೊಡ್ತಾರೆ. ವೀಸಾದಲ್ಲಿ ಇರೋರು ಜಗಳದ ಜಾಗದಲ್ಲಿ ನಿಲ್ಲದೆ ಇರೋದೇ ಒಳ್ಳೇದು, ಇದು ಹೆದರಿಸೋಕೆ ಹೇಳ್ತಿರೋದಲ್ಲ.

ಚಳಿಗಾಲದ ಐಸ್ ಗಾಳ ದೊಡ್ಡ ಕಥೆ, ನವೆಂಬರ್‌ನಲ್ಲಿ ಕೇಳಿ. ಒಂದೇ ಮಾತು: ನಡೆಯೋಕೆ ಕನಿಷ್ಠ 4 ಇಂಚು ಗಟ್ಟಿ ತಿಳಿ ಐಸ್ ಬೇಕು, ಬೆಳ್ಳಗಿರೋ ಐಸ್ ಆದ್ರೆ ಅದರ ಎರಡರಷ್ಟು.

ಮತ್ತೆ, ರಾಗಿ ಉಂಡೆ ಇಲ್ಲಿ ನಡೆಯತ್ತಾ ಅಂದಿರಲ್ಲ, ನಡೆಯತ್ತೆ! ಕಾವೇರಿ ಬಿಳಿಮೀನಿಗೆ ಹಾಕ್ತಿದ್ದ ಅದೇ ಉಂಡೆ ಇಲ್ಲಿಯ ಕಾರ್ಪ್ ಮೀನಿಗೆ ಆಗತ್ತೆ. ರಾಗಿ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗತ್ತೆ, ಹೊತ್ತು ತರಬೇಡಿ. ಎರಡು ಲೋಟ ಹಿಟ್ಟಿಗೆ ಸ್ವಲ್ಪಸ್ವಲ್ಪವೇ ನೀರು ಹಾಕಿ ಮುದ್ದೆಗಿಂತ ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ಕುದಿಯೋ ನೀರಲ್ಲಿ 20–25 ನಿಮಿಷ ಬೇಯಿಸಿ. ತೆಗೆದು ಬಿಸಿ ಇರುವಾಗಲೇ ಮತ್ತೆ ನಾದಿ, ರಬ್ಬರಿನ ಹಾಗೆ ಎಳೆದುಕೊಳ್ಳಬೇಕು. ಬೆಂದಿದ್ದು ಸಾಲದಿದ್ರೆ ಬೀಸಿದ ಏಟಿಗೇ ಬಿರುಕು ಬಿಟ್ಟು ಉದುರತ್ತೆ. ಕಾರ್ಪ್ ಬಾಯಿ ಚಿಕ್ಕದು, ನೆಲ್ಲಿಕಾಯಿಗಿಂತ ದೊಡ್ಡ ಉಂಡೆ ಬೇಡ, 4ನೇ ನಂಬರಿನ ಮುಳ್ಳು ಸಾಕು, ತುದಿ ಸ್ವಲ್ಪ ಹೊರಗೆ ಕಾಣ್ತಿರಲಿ. ಜೂನ್ ಹೊತ್ತಿಗೆ ಜೊಂಡಿನ ಅಂಚಿನಲ್ಲಿ ಮೂರು ನಾಲ್ಕಡಿ ನೀರಿಗೆ ಹಾಕಿ, ರೀಲಿನ ಡ್ರ್ಯಾಗ್, ಅಂದ್ರೆ ದಾರ ಹಿಡಿಯೋ ಬ್ರೇಕು, ಸಡಿಲ ಬಿಡಿ. ಬಿಗಿ ಇಟ್ಟು ಕೈ ಬಿಟ್ಟರೆ ಮೀನಿನ ಜೊತೆ ರಾಡೂ ಕೆರೆ ಪಾಲು. ಉಂಡೆ ಬೇಯಿಸೋ ದಿನ ನಮ್ಮನೆಗೇ ಬನ್ನಿ, ಅದೇ ಹಿಟ್ಟಲ್ಲಿ ನಮಗೂ ಮುದ್ದೆ ಕಟ್ಟೋಣ. ಬಸ್ಸಾರು ನಾನು ಮಾಡ್ತೀನಿ.